ಬೆನ್ನಲ್ಲೇ ವಿಳಾಸ: ಹುನಾನ್‌ನ ಒಂದು ಮನೆ ಮೂರ್ತಿಯ ಪ್ರಕರಣ

ಮೂರ್ತಿಯ ಎತ್ತರ 23 ಸೆಂಟಿಮೀಟರ್. ಚಿಕ್ಕ ಕುರ್ಚಿಯ ಮೇಲೆ ಕೂತ ಗಂಡಸು. ಮೈಯೆಲ್ಲ ಊದುಬತ್ತಿಯ ಹೊಗೆ ಹಿಡಿದು ಕಪ್ಪಾಗಿದೆ. ನಿಲುವಂಗಿಯ ಮಡಿಕೆಗಳ ಸಂದಿಯಲ್ಲಿ ಕೆಂಪು ಬಣ್ಣ, ಎದೆಯ ಹತ್ತಿರ ಒಂಚೂರು ಚಿನ್ನದ ರೇಕು ಉಳಿದಿದೆ. ಮಾರಿದವರು ಕೊಟ್ಟ ಚೀಟಿಯಲ್ಲಿ ಇದ್ದದ್ದು ಇಷ್ಟೇ: ಚೀನಾ, ಪೂರ್ವಜರ ಮೂರ್ತಿ, ಮರ, 19ನೇ ಶತಮಾನ.

ಕೊಂಡವರು ನೆದರ್‌ಲ್ಯಾಂಡ್ಸ್‌ನಲ್ಲಿರುವ ಒಂದು ಕನ್ನಡ ಕುಟುಂಬ. ಕೆತ್ತನೆ ಚೆನ್ನಾಗಿದೆ ಅಂತ ತಂದು ಟಿವಿ ಪಕ್ಕದ ಕಪಾಟಿನಲ್ಲಿ ಇಟ್ಟಿದ್ದರು. ಆಮೇಲೆ ಹಾಸನದಿಂದ ಅವರ ತಾಯಿ ಬಂದರು. ಇದೇನು ಅಂತ ಕೇಳಿ ತಿಳಿದುಕೊಂಡ ಮೇಲೆ ಅವರು ಮಗನಿಗೆ ಹೇಳಿದ್ದು: "ಯಾರ ಮನೆ ಹಿರಿಯರೋ ಏನೋ, ತಂದು ಹೀಗೆ ಟಿವಿ ಪಕ್ಕ ಕೂರಿಸಿದ್ದೀಯಲ್ಲೋ. ಆ ಮನೆಯವರು ಎಲ್ಲಿದ್ದಾರೆ ಅಂತ ವಿಚಾರಿಸಿದ್ಯಾ?" ಮಗನ ಹತ್ತಿರ ಉತ್ತರ ಇರಲಿಲ್ಲ. ಹಳೇ ಮರದ ಮೂರ್ತಿಗಳ ಸಂರಕ್ಷಣೆ ನನ್ನ ಕೆಲಸ. ಹಾಗಾಗಿ ಪ್ರಶ್ನೆ ನನ್ನ ಹತ್ತಿರ ಬಂತು.

ಹಳೇ ಸಾಮಾನಿನ ವ್ಯಾಪಾರದಲ್ಲಿ ಈ ಪ್ರಶ್ನೆಗೆ ಉತ್ತರ ಸಿಗುವುದು ಅಪರೂಪ. ಕೈ ಬದಲಾದ ಹಾಗೆಲ್ಲ ಊರು, ಮನೆ, ಹೆಸರು ಎಲ್ಲ ಕಳೆದುಹೋಗುತ್ತವೆ. ಆದರೆ ಈ ಜಾತಿಯ ಮೂರ್ತಿಗಳ ವಿಷಯ ಬೇರೆ. ಇವು ತಮ್ಮ ಮನೆಯ ವಿಳಾಸವನ್ನು ಮೈಯೊಳಗೇ ಇಟ್ಟುಕೊಂಡಿರುತ್ತವೆ. ಇಂಥವು ಕೈಗೆ ಬಂದವರು ಅದನ್ನು ಕಳೆಯದಿರಲಿ ಅಂತಲೇ ಈ ಪ್ರಕರಣವನ್ನು ಪೂರ್ತಿ ಬರೆದಿಡುತ್ತಿದ್ದೇನೆ.

ಮೊದಲು ಬೆನ್ನು

ಚೀನಾದ ಮರದ ಮೂರ್ತಿ ಕೈಗೆ ಬಂದರೆ ಮುಖಕ್ಕಿಂತ ಮೊದಲು ಬೆನ್ನು ನೋಡಬೇಕು. ಇದರ ಬೆನ್ನಿನ ನಡುವೆ ಬೆಂಕಿಪೊಟ್ಟಣಕ್ಕಿಂತ ಕೊಂಚ ಚಿಕ್ಕದಾದ ಒಂದು ಮುಚ್ಚಳ ಇತ್ತು. ಮರದ ತುಂಡೊಂದನ್ನು ಅಳತೆಗೆ ಸರಿಯಾಗಿ ಕೂರಿಸಿದ್ದರು. ಮೂರ್ತಿಯನ್ನು ಮೆಲ್ಲಗೆ ಓರೆ ಮಾಡಿದರೆ ಒಳಗೆ ಒಣಗಿದ್ದೇನೋ ಜರುಗುವ ಸದ್ದು ಕೇಳಿಸುತ್ತಿತ್ತು.

ಮುಚ್ಚಳ, ಗಾತ್ರ, ಕುರ್ಚಿ, ಹೊಗೆಯ ಬಣ್ಣ ಎಲ್ಲ ಸೇರಿಸಿ ನೋಡಿದಾಗ ಇದು ಹುನಾನ್ ಪ್ರಾಂತ್ಯದ ನಡುಭಾಗದ್ದು ಅನ್ನಿಸಿತು. ಶಿನ್‌ಹುವಾ, ಆನ್‌ಹುವಾ, ಲಿಯಾನ್‌ಯುವಾನ್, ನಿಂಗ್‌ಶಿಯಾಂಗ್ ಈ ಕಡೆಯ ಊರುಗಳು. ಇದರಲ್ಲಿ ಗುಡ್ಡಗಾಡಿನ ಭಾಗಕ್ಕೆ ಮೇಷಾನ್ ಅಂತ ಹಳೇ ಹೆಸರು. ಬಹಳ ಕಾಲ ಚಕ್ರವರ್ತಿಗಳ ಹಿಡಿತಕ್ಕೆ ಸಿಗದ ಸೀಮೆ ಅದು. ಸೋಂಗ್ ಅರಸರು ಅದನ್ನು ತಮ್ಮ ಆಡಳಿತಕ್ಕೆ ಸೇರಿಸಿಕೊಂಡದ್ದು 1072ರಲ್ಲಿ. ಅಲ್ಲಿನ ಬೇಟೆಗಾರರ ದೇವರು ಝಾಂಗ್ ವುಲಾಂಗ್ ಇವತ್ತಿಗೂ ತಲೆ ಕೆಳಗೆ, ಕಾಲು ಮೇಲೆ ಮಾಡಿಕೊಂಡೇ ನಿಲ್ಲುತ್ತಾನೆ. ಒಮ್ಮೆ ಆ ಮೂರ್ತಿ ನೋಡಿದವರು ಈ ಸೀಮೆಯನ್ನು ಮರೆಯುವುದಿಲ್ಲ.

ಇಲ್ಲಿನ ಮನೆಗಳಲ್ಲಿ ಮಿಂಗ್ ಅರಸರ ಕಾಲದ (1368–1644) ಕೊನೆಯ ಭಾಗದಿಂದ ನಮ್ಮ ಕಾಲದವರೆಗೂ ಇಂಥ ಚಿಕ್ಕ ಮೂರ್ತಿಗಳನ್ನು ಕೆತ್ತಿಸುತ್ತ ಬಂದಿದ್ದಾರೆ. ಈಗ ಉಳಿದಿರುವವುಗಳಲ್ಲಿ ಹೆಚ್ಚಿನವು ಚಿಂಗ್ ಅರಸರ ಕಾಲದವು (1644–1912), ಇಲ್ಲವೇ 1911ರ ನಂತರದ ಗಣರಾಜ್ಯದ ಕಾಲದವು. ಎತ್ತರ ಸಾಮಾನ್ಯವಾಗಿ 15ರಿಂದ 30 ಸೆಂಟಿಮೀಟರ್. ಇವುಗಳ ಜಾಗ ಮನೆಯ ನಡುಕೋಣೆಯ ದೇವರ ಗೂಡು. ಆ ಗೂಡಿನ ನಡುವೆ ಐದು ಅಕ್ಷರ ಬರೆದಿರುತ್ತಾರೆ: ಆಕಾಶ, ಭೂಮಿ, ದೊರೆ, ತಂದೆತಾಯಿ, ಗುರು. 1912ರಲ್ಲಿ ಅರಸೊತ್ತಿಗೆ ಹೋದ ಮೇಲೆ ಹಲವು ಮನೆಗಳಲ್ಲಿ ದೊರೆಯ ಜಾಗದಲ್ಲಿ ದೇಶ ಅಂತ ಬರೆದರು. ಚಾಂದ್ರಮಾನದ ಪ್ರತಿ ತಿಂಗಳ ಒಂದನೇ ದಿನ, ಹದಿನೈದನೇ ದಿನ ಊದುಬತ್ತಿ. ಹೊಸವರ್ಷಕ್ಕೆ, ಹಿರಿಯರ ಸಮಾಧಿಗೆ ಹೋಗುವ ಚಿಂಗ್‌ಮಿಂಗ್ ಹಬ್ಬಕ್ಕೆ, ಏಳನೇ ತಿಂಗಳ ಹುಣ್ಣಿಮೆಗೆ ಊಟ ಬಡಿಸಿ ಇಡುತ್ತಾರೆ. ಮಹಾಲಯ ಅಮಾವಾಸ್ಯೆಗೆ ಎಡೆ ಇಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ.

ಈ ಮೂರ್ತಿಗಳ ಬಗ್ಗೆ ನಮಗೆ ಇಷ್ಟು ಗೊತ್ತಿರುವುದಕ್ಕೆ ಕೆಲವೇ ಜನರ ಹಟ ಕಾರಣ. ಹುನಾನ್ ಮತ್ತು ಜಿಯಾಂಗ್‌ಶಿ ಕಡೆಯ ಮನೆಮೂರ್ತಿಗಳ ಬಗ್ಗೆ ಕೀತ್ ಸ್ಟೀವನ್ಸ್ 1970ರ ದಶಕದಲ್ಲೇ ಬರೆದರು. ಬೀಜಿಂಗ್‌ನಲ್ಲಿ ನೆಲೆಸಿದ್ದ ಫ್ರೆಂಚ್ ಮಾನವಶಾಸ್ತ್ರಜ್ಞ ಪತ್ರಿಸ್ ಫಾವಾ ಮಾರುಕಟ್ಟೆಗೆ ಬಂದ ಮೂರ್ತಿಗಳನ್ನು ಕೊಂಡು ಕೂಡಿಟ್ಟರು. ಯಾನ್ ಶಿನ್‌ಯುವಾನ್ ಅವರೂ ಹಾಗೇ ಮಾಡಿದರು. ಈ ಸಂಗ್ರಹಗಳನ್ನೂ ಹುನಾನ್ ಪ್ರಾಂತ್ಯದ ಮ್ಯೂಸಿಯಮ್ಮಿನ ಸಂಗ್ರಹವನ್ನೂ ಒಟ್ಟಿಗೆ ಇಟ್ಟು, ಒಂದೊಂದು ಮೂರ್ತಿಯ ಕಾಗದವನ್ನೂ ಓದಿ ಪಟ್ಟಿ ಮಾಡುವ ಕೆಲಸವನ್ನು ಫ್ರಾನ್ಸಿನ ದೂರಪ್ರಾಚ್ಯ ಅಧ್ಯಯನ ಸಂಸ್ಥೆಯ ಅಲೈನ್ ಅರೋ ಮುಂದೆ ನಿಂತು ಮಾಡಿಸಿದರು. ಹಾರ್ವರ್ಡ್‌ನ ಜೇಮ್ಸ್ ರಾಬ್ಸನ್ ಮೂರ್ತಿಗಳ ಹೊಟ್ಟೆಯೊಳಗಿನ ವಸ್ತುಗಳ ಬಗ್ಗೆ ಕೆಲಸ ಮಾಡಿದರು. ಸಾವಿರಾರು ಮೂರ್ತಿಗಳ ಈ ಓದು ಇಲ್ಲದೆ ಹೋಗಿದ್ದರೆ ನಮ್ಮ ಕೈಲಿದ್ದದ್ದು ಸುಮ್ನೆ ಒಂದು ಕಪ್ಪು ಬೊಂಬೆ ಆಗಿರುತ್ತಿತ್ತು.

ಹಿರಿಯರಿಗೆ ಮೂರ್ತಿ ಯಾಕೆ

ಚೀನಾದ ಹಿರಿಯರ ಪೂಜೆ ಅಂದರೆ ಹೆಚ್ಚಿನ ಕಡೆ ಹೆಸರು ಬರೆದ ಹಲಗೆ, ಅಷ್ಟೇ. ಮೂರ್ತಿ ಇರುವುದಿಲ್ಲ. ಇದರ ಹಿಂದೆ ಕನ್‌ಫ್ಯೂಶಿಯಸ್ ಪರಂಪರೆಯ ಪಂಡಿತರ ಒತ್ತಡ ಇತ್ತು. ಸತ್ತವರ ಚಿತ್ರದಲ್ಲಿ ಒಂದು ಕೂದಲು ವ್ಯತ್ಯಾಸವಾದರೂ ಅದು ಬೇರೆಯವರ ಚಿತ್ರವಾಗುತ್ತದೆ, ನೀವು ಪೂಜೆ ಮಾಡುವುದು ಯಾರಿಗೋ ಆಗುತ್ತದೆ ಅನ್ನುವುದು 11ನೇ ಶತಮಾನದ ಚೆಂಗ್ ಯಿ ಅವರ ವಾದ. 1530ರಲ್ಲಿ ಜಿಯಾಜಿಂಗ್ ಚಕ್ರವರ್ತಿ ಕನ್‌ಫ್ಯೂಶಿಯಸ್ ಗುಡಿಗಳಲ್ಲಿದ್ದ ಮೂರ್ತಿಗಳನ್ನೇ ತೆಗೆಸಿ ಹಲಗೆ ಇಡಿಸಿದ.

ಹುನಾನ್‌ನ ಗುಡ್ಡದ ಜನ ಇದಕ್ಕೆ ಸೊಪ್ಪು ಹಾಕಲಿಲ್ಲ. ಅವರಿಗೆ ಹೋಲಿಕೆ ಮುಖ್ಯವಾಗಿರಲಿಲ್ಲ. ಮೂರ್ತಿಯ ಮುಖ ಹಿರಿಯರ ಮುಖದ ಹಾಗೆ ಇರಬೇಕಾಗಿಲ್ಲ. ಅದು ಯಾರು ಅನ್ನುವುದನ್ನು ಬೆನ್ನೊಳಗಿನ ಕಾಗದ ಹೇಳುತ್ತದೆ, ಅದಕ್ಕೆ ಜೀವ ಬರುವುದು ಕಣ್ಣು ತೆರೆಸುವ ವಿಧಿಯಿಂದ. ಪುರೋಹಿತ ಕುಂಚವನ್ನು ಇಂಗಲೀಕದಲ್ಲೋ ಹುಂಜದ ಜುಟ್ಟಿನ ರಕ್ತದಲ್ಲೋ ಅದ್ದಿ ಕಣ್ಣಿಗೆ ಚುಕ್ಕೆ ಇಡುತ್ತಾನೆ. ನಮ್ಮ ಶಿಲ್ಪಿಗಳೂ ಕೊನೆಗೆ ಕಣ್ಣು ಬಿಡಿಸುತ್ತಾರೆ, ಆಗಲೇ ಕಲ್ಲು ದೇವರಾಗುವುದು. ಇದನ್ನು ಹೇಳಿದಾಗ ಆ ತಾಯಿಗೆ ತಟ್ಟನೆ ಅರ್ಥವಾಯಿತು.

ಇನ್ನೊಂದು ವಿಷಯ. ಅಂಗಡಿಗಳಲ್ಲಿ ಈ ಜಾತಿಯ ಎಲ್ಲ ಮೂರ್ತಿಗಳಿಗೂ ಪೂರ್ವಜರು ಅಂತ ಚೀಟಿ ಅಂಟಿಸುತ್ತಾರೆ. ನಿಜಕ್ಕೂ ಇವುಗಳಲ್ಲಿ ಎಲ್ಲ ಬಗೆಯವೂ ಇವೆ. ಕರುಣೆಯ ದೇವತೆ ಗುವಾನ್‌ಯಿನ್, ಒಲೆಯ ದೇವರು, ಸಂಪತ್ತಿನ ದೇವರು, ವೈದ್ಯರ ದೇವರಾದ ಸುನ್ ಸಿಮಿಯಾವೊ, ಬಡಗಿಗಳ ಗುರು ಲು ಬಾನ್, ಊರಿನ ದೇವರುಗಳು. ಇವರ ಜತೆ ದೊಡ್ಡ ಸಂಖ್ಯೆಯಲ್ಲಿ ಮನೆಯ ಹಿರಿಯರು ಮತ್ತು ಆ ಮನೆಯವರು ಕಲಿತ ಪುರೋಹಿತ ಗುರುಗಳು. ಈ ಪುರೋಹಿತರು ಮಠದಲ್ಲಿ ಇದ್ದವರಲ್ಲ. ಹೆಂಡತಿ ಮಕ್ಕಳ ಜತೆ ಊರಲ್ಲೇ ಇದ್ದು, ಬೇಸಾಯ ಮಾಡಿಕೊಂಡು, ಕರೆ ಬಂದಾಗ ರೋಗಕ್ಕೆ, ಸಾವಿಗೆ, ಪೀಡೆ ಬಿಡಿಸುವುದಕ್ಕೆ ಹೋಗುತ್ತಿದ್ದವರು. ವಿದ್ಯೆ ತಂದೆಯಿಂದ ಮಗನಿಗೆ, ಗುರುವಿನಿಂದ ಶಿಷ್ಯನಿಗೆ ಬರುತ್ತಿತ್ತು. ಹಾಗಾಗಿ ಒಬ್ಬನೇ ವ್ಯಕ್ತಿ ಹಿರಿಯನೂ ಹೌದು, ಗುರುವೂ ಹೌದು ಅನ್ನುವ ಮೂರ್ತಿಗಳು ಬೇಕಾದಷ್ಟಿವೆ.

ನಮ್ಮ ಮೂರ್ತಿಯ ಕೈ ನೋಡಿದಾಗ ನನಗೆ ಆ ಅನುಮಾನವೇ ಬಂತು. ಎಡಗೈಯಲ್ಲಿ ಒಂದು ಚಿಕ್ಕ ಬಟ್ಟಲು. ಮಂತ್ರಿಸಿದ ನೀರಿನ ಬಟ್ಟಲು ಅದು. ಬಲಗೈಯ ಎರಡು ಬೆರಳು ಒಟ್ಟಿಗೆ ಚಾಚಿವೆ, ಮಿಕ್ಕವು ಮಡಿಚಿವೆ. ಕೈಕಟ್ಟಿ ಕೂತ ಸಾಧಾರಣ ಅಜ್ಜ ಇವನಲ್ಲ. ಈ ಎರಡು ಬೆರಳು ವಿಧಿ ಮಾಡಿಸುವವನ ಬೆರಳು.

ಹಳೆಯದೇ ಹೌದಾ

ನಕಲಿ ಬಹಳ ಇದೆ. ಹೊಸದಾಗಿ ಕೆತ್ತಿ, ಹೊಗೆ ಕೊಟ್ಟು, ಮಣ್ಣು ಸವರಿ ಹಳೆಯದು ಅಂತ ಮಾರುತ್ತಾರೆ. ಕಾರ್ಬನ್ ಪರೀಕ್ಷೆ ಮಾಡಿಸೋಣ ಅಂತ ಮಗ ಕೇಳಿದರು. ಬೇಡ ಅಂದೆ. ಕಳೆದ ಮುನ್ನೂರು ಚಿಲ್ಲರೆ ವರ್ಷಗಳ ಮರಕ್ಕೆ ಆ ಪರೀಕ್ಷೆ ಒಂದು ನಿರ್ದಿಷ್ಟ ಕಾಲ ಹೇಳುವುದಿಲ್ಲ. 1700 ಇರಬಹುದು, 1800 ಇರಬಹುದು, 1900ರ ಆಸುಪಾಸೂ ಇರಬಹುದು ಅಂತ ಬರುತ್ತದೆ. ಅದಕ್ಕಾಗಿ ಮೂರ್ತಿಯಿಂದ ಮರ ಕೆರೆದು ತೆಗೆಯಬೇಕು. ದುಡ್ಡೂ ದಂಡ, ಮೂರ್ತಿಗೂ ಗಾಯ.

ಕಣ್ಣಿಗೇ ಕಾಣುವ ಗುರುತುಗಳು ಇದ್ದವು. ಹೊಗೆಯ ಪದರ ಮುಂಭಾಗದಲ್ಲಿ ದಪ್ಪ, ಬೆನ್ನಲ್ಲಿ ತೆಳು. ಗೂಡಿನಲ್ಲಿ ಬೆನ್ನು ಗೋಡೆಗೆ ಕೊಟ್ಟು ಕೂತಿದ್ದರೆ ಹಾಗೇ ಆಗಬೇಕು. ಹೊಗೆ ಕೊಟ್ಟ ನಕಲಿಯಲ್ಲಿ ಸುತ್ತ ಒಂದೇ ಸಮ ಇರುತ್ತದೆ. ಮೊಣಕಾಲು ಮತ್ತು ಕುರ್ಚಿಯ ಅಂಚು ಸವೆದು ಹೊಳೆಯುತ್ತಿದ್ದವು, ಎತ್ತಿ ಇಡುವಾಗ ಕೈ ತಾಗುವ ಜಾಗ ಅವು. ಕೆಂಪು ಬಣ್ಣದ ಕೆಳಗೆ ಇನ್ನೊಂದು ಕೆಂಪು ಇತ್ತು. ಅಂದರೆ ಒಮ್ಮೆ ಮತ್ತೆ ಬಣ್ಣ ಬಳಿಸಿದ್ದಾರೆ. ಅಡಿಯಲ್ಲಿ ಕುಟ್ಟೆ ಹುಳ ಕೊರೆದ ತೂತುಗಳು. ತೂತಿನ ಬಾಯಲ್ಲೂ ಮಸಿ ಕೂತಿತ್ತು, ಹೊಸ ಹುಡಿ ಉದುರುತ್ತಿರಲಿಲ್ಲ. ಹುಳ ಬಂದು ಹೋಗಿ ಬಹಳ ಕಾಲವಾಗಿದೆ.

ಮುಚ್ಚಳ ತೆಗೆಯುವುದೋ ಬೇಡವೋ

ಇದನ್ನು ಮಾತಾಡಿ ತೀರ್ಮಾನ ಮಾಡುವುದಕ್ಕೆ ಉಳಿದೆಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿಯಿತು. ತಾಯಿಯವರದು ಒಂದೇ ಮಾತು: ಪ್ರತಿಷ್ಠೆ ಮಾಡಿ ಮುಚ್ಚಿದ್ದನ್ನು ಬಿಚ್ಚಬಾರದು. ಮಗನಿಗೆ ಒಳಗೇನಿದೆ ನೋಡುವ ಆಸೆ. ನನ್ನ ನಿಲುವು ಹೀಗಿತ್ತು. ಮೊದಲ ಮುಚ್ಚಳ ಇನ್ನೂ ಅಂಟಿಕೊಂಡೇ ಇದ್ದರೆ ಅದನ್ನು ಮುಟ್ಟಕೂಡದು. ಅಂಥ ಮೂರ್ತಿಗೆ ಸಿಟಿ ಸ್ಕ್ಯಾನ್ ಸಾಕು. ಒಳಗೆ ಕಾಗದ ಇದೆಯಾ, ಲೋಹ ಇದೆಯಾ ಅಂತ ಸ್ಕ್ಯಾನ್‌ನಲ್ಲೇ ತಿಳಿಯುತ್ತದೆ. ಅವಸರದಲ್ಲಿ ಉಳಿ ಹಾಕಿ ಎಬ್ಬಿಸಿದರೆ ಮಡಿಚಿಟ್ಟ ಕಾಗದ ಅಲ್ಲೇ ಪುಡಿಯಾಗುತ್ತದೆ. ಹಾಗೆ ಹಾಳಾದ ಕಾಗದಗಳಿಗೆ ಲೆಕ್ಕವಿಲ್ಲ.

ಭೂತಗನ್ನಡಿ ಹಿಡಿದು ನೋಡಿದಾಗ ವಿಷಯ ಬೇರೆಯೇ ಆಯಿತು. ಮುಚ್ಚಳದ ಒಂದು ಅಂಚು ಹೊಸದಾಗಿ ಜಜ್ಜಿಹೋಗಿತ್ತು. ಆ ಜಾಗದಲ್ಲಿ ಮಸಿ ಇಲ್ಲದೆ ಮರದ ಹಳದಿ ಬಣ್ಣ ಕಾಣುತ್ತಿತ್ತು. ಎರಡು ಮೂಲೆಯಲ್ಲಿ ಹೊಳೆಯುವ ಅಂಟು, ಇವತ್ತಿನ ಬಿಳಿ ಅಂಟೇ. ಅಂದರೆ ನಮಗಿಂತ ಮುಂಚೆ ವ್ಯಾಪಾರದ ದಾರಿಯಲ್ಲಿ ಯಾರೋ ಇದನ್ನು ಬಿಚ್ಚಿ ನೋಡಿ ಮತ್ತೆ ಅಂಟಿಸಿದ್ದಾರೆ. ಮಾರುಕಟ್ಟೆಗೆ ಬಂದ ಮೂರ್ತಿಗಳಲ್ಲಿ ಇದು ಮಾಮೂಲು. ಬೆಲೆ ಬಾಳುವುದು ಏನಾದರೂ ಇದೆಯಾ ಅಂತ ನೋಡುತ್ತಾರೆ. ಕೆಲವರು ಕಾಗದವನ್ನು ಬೇರೆ ಮಾಡಿ ಮಾರುತ್ತಾರೆ. ನನ್ನ ದೃಷ್ಟಿಯಲ್ಲಿ ಅದು ಕಳ್ಳತನಕ್ಕಿಂತ ದೊಡ್ಡ ಅನ್ಯಾಯ. ಕದ್ದ ಮೂರ್ತಿಗೆ ವಾಪಸು ದಾರಿ ಇರುತ್ತದೆ. ಕಾಗದ ಕಿತ್ತ ಮೂರ್ತಿಗೆ ಅದೂ ಇಲ್ಲ.

ಇದನ್ನು ತಾಯಿಗೆ ತೋರಿಸಿದೆ. ಅವರು ತುಂಬ ಹೊತ್ತು ನೋಡಿ, "ಹಾಗಾದ್ರೆ ಒಳಗೆ ಏನು ಉಳಿದಿದೆ ಅಂತ ನೋಡಿಬಿಡಿ. ಅರ್ಧಂಬರ್ಧ ಬಿಡೋದೂ ಒಳ್ಳೇದಲ್ಲ" ಅಂದರು. ಬಿಳಿ ಅಂಟನ್ನು ಸ್ವಲ್ಪ ಸ್ವಲ್ಪವೇ ತೇವ ಕೊಟ್ಟು ಮೆದು ಮಾಡಿ ಬಿಡಿಸಿದೆ. ಪ್ರತಿ ಹಂತಕ್ಕೂ ಫೋಟೋ ತೆಗೆದೆ.

ಒಳಗಿದ್ದದ್ದು

ಮೇಲೆ ನಾಲ್ಕು ಮಡಿಕೆ ಮಾಡಿದ ಒಂದು ಕಂದು ಕಾಗದ. ಹುನಾನ್ ಕಡೆ ಬಿದಿರಿನಿಂದ ಮಾಡುವ ಒರಟು ಕಾಗದ ಅದು. ಅದರ ಕೆಳಗೆ ಒಣಗಿದ ಬೇರು, ತೊಗಟೆಯ ಚೂರು, ಪುಡಿಯಾದ ಎಲೆ. ಕೆಲವು ಅಕ್ಕಿಕಾಳು. ಬಣ್ಣ ಮಾಸಿದ ದಾರದ ಒಂದು ಗಂಟು. ಒಂದು ಒಣ ಹುಳದ ರೆಕ್ಕೆ ಮತ್ತು ಕಾಲು. ಕುಟ್ಟೆ ಹುಳವಂತೂ ಅಲ್ಲ. ಕಣಜದಂಥ ಹಾರುವ ಹುಳ. ನಾಣ್ಯ ಇರಲಿಲ್ಲ. ಆದರೆ ಬೆನ್ನಿನ ಆ ಗೂಡಿನ ತಳದಲ್ಲಿ ದುಂಡಗಿನ ಹಸಿರು ಕಲೆ ಇತ್ತು. ತಾಮ್ರ ಕಿಲುಬು ಹಿಡಿದರೆ ಬರುವ ಬಣ್ಣ. ಮೊದಲು ಬಿಚ್ಚಿದವರು ಏನನ್ನು ಎತ್ತಿಕೊಂಡರು ಅಂತ ಆ ಕಲೆಯೇ ಹೇಳುತ್ತಿತ್ತು.

ಇವು ಯಾವುವೂ ಕಸ ಅಲ್ಲ. ಮದ್ದಿನ ಬೇರುಗಳು ಮೂರ್ತಿಯ ಒಳಾಂಗಗಳ ಜಾಗದಲ್ಲಿ ಇರುತ್ತವೆ. ಜೀವ ಇರುವ ಪ್ರಾಣಿಯೊಂದನ್ನು ಇಟ್ಟರೆ ಅದರ ಚೈತನ್ಯ ಮೂರ್ತಿಗೆ ಬರುತ್ತದೆ ಅನ್ನುವ ನಂಬಿಕೆಯೂ ಇದೆ. ಮೂರ್ತಿಯೊಳಗೆ ಅಂಗಾಂಗ ಇಡುವ ಪದ್ಧತಿ ಚೀನಾದಲ್ಲಿ ಬಹಳ ಹಳೆಯದು. ಜಪಾನಿನ ಕ್ಯೋಟೋದ ಸೆಯಿರ್ಯೋಜಿ ದೇವಾಲಯದಲ್ಲಿ ಒಂದು ಮರದ ಬುದ್ಧನಿದ್ದಾನೆ. 985ರಲ್ಲಿ ಚೀನಾದಲ್ಲೇ ಕೆತ್ತಿಸಿ ಒಯ್ದದ್ದು. 1950ರ ದಶಕದಲ್ಲಿ ಅದರ ಒಳಗೆ ನೋಡಿದಾಗ ರೇಷ್ಮೆಯಲ್ಲಿ ಹೊಲಿದ ಹೃದಯ, ಕರುಳು, ಮೂತ್ರಪಿಂಡ ಸಿಕ್ಕವು. ಹುನಾನ್‌ನ ರೈತನ ಮನೆಯಲ್ಲಿ ರೇಷ್ಮೆಯ ಬದಲು ಬೇರು. ಯೋಚನೆ ಅದೇ.

ಕಾಗದವನ್ನು ಹಾಗೇ ಬಿಡಿಸಲಿಲ್ಲ. ಮುಚ್ಚಿದ ಡಬ್ಬದಲ್ಲಿ ತೇವದ ಹವೆ ಕೊಟ್ಟು, ನಾರು ಸಡಿಲವಾದ ಮೇಲೆ ಎರಡು ಚಪ್ಪಟೆ ಚಿಮುಟದಿಂದ ಒಂದೊಂದೇ ಮಡಿಕೆ ಎಬ್ಬಿಸಿದೆ. ಒಂದು ಮಡಿಕೆಯ ಗೆರೆಯಲ್ಲಿ ಹುಳ ತಿಂದು ಎರಡು ಅಕ್ಷರ ಹೋಗಿದ್ದವು. ಉಳಿದದ್ದು ಕಪ್ಪಗೆ ಸ್ಪಷ್ಟವಾಗಿತ್ತು. ಹೆಸರುಗಳ ಪಕ್ಕ ಕೆಂಪು ಚುಕ್ಕೆ. ಎಡ ಅಂಚಿನಲ್ಲಿ ಒಂದು ಯಂತ್ರ ಬರೆದಿದ್ದರು.

ಕಾಗದ ಹೇಳಿದ್ದು

ಹಳೇ ಚೀನೀ ಕೈಬರಹ ಓದಬಲ್ಲ ಒಬ್ಬರು ಅದನ್ನು ನಮಗೆ ಓದಿಕೊಟ್ಟರು. ಬರೆದವನು ದೊಡ್ಡ ಪಂಡಿತನೇನಲ್ಲ. ಕೆಲವು ಅಕ್ಷರಗಳನ್ನು ಊರ ರೂಢಿಯಲ್ಲಿ ಮೊಟಕು ಮಾಡಿ ಬರೆದಿದ್ದ. ಆದರೆ ಕ್ರಮ ಎಲ್ಲೂ ತಪ್ಪಿರಲಿಲ್ಲ.

ಮೊದಲು ವಿಳಾಸ. ಹುನಾನ್ ಪ್ರಾಂತ್ಯ, ಬಾವೊಚಿಂಗ್ ಜಿಲ್ಲೆ, ಶಿನ್‌ಹುವಾ ತಾಲ್ಲೂಕು. ಬಾವೊಚಿಂಗ್ ಈಗ ಶಾವೊಯಾಂಗ್ ನಗರ, ಶಿನ್‌ಹುವಾ ಈಗ ಲೌದಿ ಆಡಳಿತಕ್ಕೆ ಸೇರಿದೆ. ಅದರ ಕೆಳಗೆ ಹೋಬಳಿ. ಅದರ ಕೆಳಗೆ ಊರಿನವರು ನಡೆದುಕೊಳ್ಳುವ ಗುಡಿ. ಕೊನೆಗೆ ಆ ಮನೆ ಯಾವ ಭೂದೇವರ ಗಡಿಯೊಳಗೆ ಬರುತ್ತದೆ ಅನ್ನುವುದು. ಸರ್ಕಾರದ ವಿಳಾಸ ಮುಗಿದ ಕಡೆ ದೇವರ ವಿಳಾಸ ಶುರು. ಈ ಕಾಗದ ದೇವತೆಗಳಿಗೆ ಬರೆದದ್ದು, ಅವರಿಗೆ ಮನೆ ತಪ್ಪಬಾರದು. ಹಾಗಾಗಿಯೇ ಇಷ್ಟು ವಿವರ.

ಆಮೇಲೆ ಮನೆಯವರು. ಯಜಮಾನನ ಹೆಸರು, ಹೆಂಡತಿ ಯಾವ ಮನೆತನದವಳು ಅನ್ನುವುದು, ಇಬ್ಬರು ಗಂಡುಮಕ್ಕಳು, ಒಬ್ಬ ಸೊಸೆ. ಈ ಹೆಸರುಗಳನ್ನು ನಾನು ಇಲ್ಲಿ ಬರೆಯುವುದಿಲ್ಲ. ಆ ಮನೆತನ ಇವತ್ತಿಗೂ ಅಲ್ಲೇ ಇರಬಹುದು.

ಆಮೇಲೆ ಮೂರ್ತಿ ಯಾರದು ಅನ್ನುವುದು. ಯಜಮಾನನ ತೀರಿಹೋದ ತಂದೆ. ಅವನ ಹೆಸರಿನ ಜತೆಗೆ ಅವನಿಗೆ ದೀಕ್ಷೆಯಲ್ಲಿ ಬಂದ ಇನ್ನೊಂದು ಹೆಸರೂ ಇತ್ತು. ಬಟ್ಟಲು ಹಿಡಿದ ಕೈ ಸುಳ್ಳು ಹೇಳಿರಲಿಲ್ಲ. ಅವನು ಊರಿನ ಪುರೋಹಿತನೇ.

ಯಾಕೆ ಕೆತ್ತಿಸಿದರು ಅನ್ನುವುದೂ ಇದೆ. ಮನೆಯಲ್ಲಿ ಕಾಯಿಲೆ ಬಿಡುತ್ತಿರಲಿಲ್ಲ. ತಂದೆಯ ಮೂರ್ತಿ ಮಾಡಿಸಿ ಸದಾಕಾಲ ಪೂಜೆ ಮಾಡುತ್ತೇವೆ ಅಂತ ಹರಕೆ ಹೊತ್ತರು. ಪ್ರತಿಯಾಗಿ ಕೇಳಿಕೊಂಡದ್ದು ದೊಡ್ಡದೇನಲ್ಲ. ಕಾಯಿಲೆ ದೂರವಾಗಲಿ, ಮಕ್ಕಳು ಉಳಿಯಲಿ, ಹಂದಿ ದನ ಹೆಚ್ಚಲಿ, ಬೆಂಕಿ ಕಳ್ಳರ ಕಾಟ ಬೇಡ.

ಕೊನೆಗೆ ದಿನಾಂಕ, ಗುವಾಂಗ್‌ಶು ಚಕ್ರವರ್ತಿಯ ಆಳ್ವಿಕೆಯ 17ನೇ ವರ್ಷ, ಎಂಟನೇ ತಿಂಗಳು. ಅಂದರೆ 1891. ಅದರ ಕೆಳಗೆ ಕೆತ್ತಿದವನ ಹೆಸರು. ಈ ಸೀಮೆಯಲ್ಲಿ ಕೆತ್ತಿದವನ ಹೆಸರು ಬರೆಯುವುದು ರೂಢಿ. ಹಾಗಾಗಿ ಒಬ್ಬನೇ ಶಿಲ್ಪಿಯ ಕೆಲಸವನ್ನು ಹಲವು ಮೂರ್ತಿಗಳಲ್ಲಿ ಗುರುತಿಸಬಹುದು. ಶಿಲ್ಪಿಗಳು ತಮ್ಮ ಊರಿನ ಸುತ್ತಮುತ್ತಲೇ ಕೆಲಸ ಮಾಡಿಕೊಡುತ್ತಿದ್ದವರು. ಚೀನಾದ ಜನಪದ ಕೆತ್ತನೆಯಲ್ಲಿ ಹೆಸರಿರುವ ಕೈಗಳು ಇಷ್ಟು ಸಂಖ್ಯೆಯಲ್ಲಿ ಸಿಗುವುದು ಬಹಳ ದೊಡ್ಡ ವಿಷಯ. ಮಿಂಗ್ ಹೂಜಿ, ಚಿಂಗ್ ತಟ್ಟೆ ಅಂತ ಕೋಟಿಗಟ್ಟಲೆ ಸುರಿಯುವವರು ಇದರ ಕಡೆ ತಿರುಗಿಯೂ ನೋಡುವುದಿಲ್ಲ ಅನ್ನುವುದು ನನಗೆ ನಿಜವಾಗಿಯೂ ಬೇಸರದ ಸಂಗತಿ.

ಅಂಗಡಿಯ ಚೀಟಿಯಲ್ಲಿದ್ದ 19ನೇ ಶತಮಾನ ಸರಿಯಾಗಿತ್ತು. ಪೂರ್ವಜ ಅನ್ನುವುದೂ ಸರಿ. ಅದನ್ನು ಬರೆಯುವಾಗ ಬಿಟ್ಟದ್ದು ಯಾರ ಪೂರ್ವಜ ಅನ್ನುವುದನ್ನು ಮಾತ್ರ.

ಮನೆ ಬಿಟ್ಟದ್ದು ಹೇಗೆ

ಇದಕ್ಕೆ ಕಾಗದದಲ್ಲಿ ಉತ್ತರ ಇಲ್ಲ. ಆದರೆ ಆ ಸೀಮೆಯ ಚರಿತ್ರೆ ಕೆಲವು ದಾರಿಗಳನ್ನು ತೋರಿಸುತ್ತದೆ. 1950ರ ಸುಮಾರಿಗೆ ಭೂಸುಧಾರಣೆ ಬಂದಾಗ ಹಲವು ಮನೆಗಳ ಸಾಮಾನು ಕೈ ಬದಲಾಯಿತು. 1966ರಲ್ಲಿ ಸಾಂಸ್ಕೃತಿಕ ಕ್ರಾಂತಿ ಶುರುವಾದಾಗ ಹಳೆಯದನ್ನೆಲ್ಲ ಒಡೆಯಿರಿ ಅನ್ನುವ ಕೂಗಿಗೆ ಲೆಕ್ಕವಿಲ್ಲದಷ್ಟು ಮೂರ್ತಿಗಳು ಒಲೆ ಸೇರಿದವು. ಕೆಲವರು ಬಚ್ಚಿಟ್ಟು ಉಳಿಸಿಕೊಂಡರು. 1980ರ ನಂತರ ಪೂಜೆ ಮತ್ತೆ ಬಂತು, ಜತೆಗೇ ವ್ಯಾಪಾರಿಗಳೂ ಬಂದರು. ಮನೆ ಕೆಡವಿ ಹೊಸ ಮನೆ ಕಟ್ಟುವಾಗ ಮಾರಿದವರಿದ್ದಾರೆ, ಹೊಸ ಮೂರ್ತಿ ಮಾಡಿಸಿ ಹಳೆಯದನ್ನು ಬಿಟ್ಟವರಿದ್ದಾರೆ, ಕಳವಾದವೂ ಇವೆ. ನಮ್ಮದು ಇದರಲ್ಲಿ ಯಾವುದು ಅಂತ ಹೇಳಲು ಮೂರ್ತಿಯ ಮೇಲೆ ಗುರುತೇನೂ ಇಲ್ಲ.

ಕಾನೂನು ಈ ಸಂಗತಿಯನ್ನು ಅರ್ಧ ಮಾತ್ರ ಮುಟ್ಟುತ್ತದೆ. ಚೀನಾ 2007ರಲ್ಲಿ ತಂದ ನಿಯಮದ ಪ್ರಕಾರ 1911ಕ್ಕಿಂತ ಹಿಂದಿನ ಸಾಂಸ್ಕೃತಿಕ ವಸ್ತುಗಳನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಕಳ್ಳಸಾಗಣೆ ತಡೆಯುವ 1970ರ ಯುನೆಸ್ಕೋ ಒಪ್ಪಂದಕ್ಕೆ ಚೀನಾ 1989ರಲ್ಲಿ ಸೇರಿತು, ನೆದರ್‌ಲ್ಯಾಂಡ್ಸ್ 2009ರಲ್ಲಿ. ಮೂರ್ತಿ ಅದಕ್ಕೂ ಮುಂಚೆ ಹೊರಗೆ ಬಂದಿದ್ದರೆ ಈ ಮಾತುಗಳಿಗೆ ಹಿಡಿತ ಸಿಗುವುದಿಲ್ಲ. ನಮ್ಮ ಮೂರ್ತಿ ಯಾವಾಗ ಗಡಿ ದಾಟಿತು ಅನ್ನುವುದಕ್ಕೆ ಒಂದು ಕಾಗದವೂ ಇಲ್ಲ.

ವಾಪಸು ಕೊಡುವ ಮಾತು

ವಿಳಾಸ ಸಿಕ್ಕಿತಲ್ಲ, ವಾಪಸು ಕೊಟ್ಟುಬಿಡೋಣ ಅಂತ ತಾಯಿ ಅಂದರು. ಮಗ ಒಪ್ಪಿದರು. ಹೇಗೆ ಅನ್ನುವುದೇ ಕಷ್ಟ. ನೆದರ್‌ಲ್ಯಾಂಡ್ಸ್‌ನಲ್ಲೇ ನಡೆದ ಇನ್ನೊಂದು ಪ್ರಕರಣವನ್ನು ನಾನು ಅವರ ಮುಂದೆ ಇಟ್ಟೆ.

ಫುಜಿಯಾನ್ ಪ್ರಾಂತ್ಯದ ಯಾಂಗ್‌ಚುನ್ ಹಳ್ಳಿಯ ಗುಡಿಯಲ್ಲಿ ಝಾಂಗ್‌ಗೋಂಗ್ ಅನ್ನುವ ಸಂತನ ಮೂರ್ತಿ ಇತ್ತು. ಅದರೊಳಗೆ ಸುಮಾರು ಸಾವಿರ ವರ್ಷದ ಹಿಂದಿನ ಒಬ್ಬ ಭಿಕ್ಷುವಿನ ದೇಹವೇ ಇತ್ತು. 1995ರಲ್ಲಿ ಅದು ಕಳವಾಯಿತು. ಒಬ್ಬ ಡಚ್ ಸಂಗ್ರಹಕಾರರು ಇಂಥದೇ ಒಂದು ಮೂರ್ತಿಯನ್ನು 1996ರಲ್ಲಿ ಕೊಂಡರು. ಅದು 2014ರಲ್ಲಿ ಡ್ರೆಂಟ್ಸ್ ಮ್ಯೂಸಿಯಮ್ಮಿನಲ್ಲಿ, 2015ರಲ್ಲಿ ಬುಡಾಪೆಸ್ಟ್‌ನಲ್ಲಿ ಪ್ರದರ್ಶನಕ್ಕೆ ಬಂತು. ಫೋಟೋ ನೋಡಿದ ಹಳ್ಳಿಯವರು ಇದು ನಮ್ಮದೇ ಅಂದರು. ಆಮ್‌ಸ್ಟರ್‌ಡ್ಯಾಮ್ ಕೋರ್ಟಿಗೆ ಹೋದರು. 2018ರ ಡಿಸೆಂಬರ್‌ನಲ್ಲಿ ಆ ಕೋರ್ಟು ದಾವೆಯನ್ನೇ ತಳ್ಳಿಹಾಕಿತು. ಹಳ್ಳಿಯ ಸಮಿತಿಗೆ ಡಚ್ ಕಾನೂನಿನಲ್ಲಿ ದಾವೆ ಹೂಡುವ ಸ್ಥಾನ ಇಲ್ಲ ಅನ್ನುವುದು ಕಾರಣ. ಫುಜಿಯಾನ್‌ನ ಕೋರ್ಟು 2020ರಲ್ಲಿ ವಾಪಸು ಕೊಡಿ ಅಂತ ತೀರ್ಪು ಕೊಟ್ಟಿತು. 2022ರಲ್ಲಿ ಅಲ್ಲಿನ ಮೇಲಿನ ಕೋರ್ಟೂ ಅದನ್ನೇ ಎತ್ತಿಹಿಡಿಯಿತು.

ಅಲ್ಲಿ ಒಂದು ಇಡೀ ಹಳ್ಳಿ ಇತ್ತು, ಕಳವಾದ ವರ್ಷ ಗೊತ್ತಿತ್ತು, ಕೇಳುವವರು ಇದ್ದರು. ಆದರೂ ಇಷ್ಟು ಕಷ್ಟ. ನಮ್ಮ ಪ್ರಕರಣದಲ್ಲಿ ಕೊಡುವವರು ತಯಾರಿದ್ದಾರೆ, ಕೇಳುವವರು ಯಾರು ಅಂತ ಗೊತ್ತಿಲ್ಲ. ಆ ಮನೆಯವರೇ ಮನಸಾರೆ ಮಾರಿದ್ದರೆ? ಮಾರಿದ್ದು ಒಬ್ಬ ಮಗ, ಇನ್ನೊಬ್ಬನಿಗೆ ಗೊತ್ತೇ ಇಲ್ಲದಿದ್ದರೆ? ಹೆಸರು ಊರು ಎಲ್ಲ ಬಹಿರಂಗ ಮಾಡಿದರೆ ಆ ಹಳ್ಳಿಗೆ ಮೊದಲು ತಲುಪುವವರು ವ್ಯಾಪಾರಿಗಳೇ ಆಗಿರುತ್ತಾರೆ ಅನ್ನುವುದು ನನ್ನ ಭಯ. ಒಂದು ಮನೆಯಲ್ಲಿ ಒಂದು ಮೂರ್ತಿ ಇತ್ತು ಅಂದರೆ ಪಕ್ಕದ ಮನೆಗಳಲ್ಲಿ ಇನ್ನೂ ಇರಬಹುದು ಅಂತ ಅವರಿಗೆ ಚೆನ್ನಾಗಿ ಗೊತ್ತು.

ಏನು ಮಾಡಿದೆವು

ಕಾಗದದ ಫೋಟೋ, ಓದಿದ ಪಠ್ಯ, ಮೂರ್ತಿಯ ಅಳತೆಗಳನ್ನು ಹುನಾನ್ ಮೂರ್ತಿಗಳ ಮೇಲೆ ಕೆಲಸ ಮಾಡುವ ಸಂಶೋಧಕರಿಗೆ ಕಳಿಸಿದೆವು. ಮನೆತನದ ಹೆಸರು ಮತ್ತು ಊರನ್ನು ಪ್ರಕಟಿಸಬೇಡಿ ಅಂತ ಕೇಳಿಕೊಂಡೆವು.

ಒಳಗಿದ್ದ ವಸ್ತುಗಳನ್ನು ಇದ್ದ ಕ್ರಮದಲ್ಲೇ ಮತ್ತೆ ಒಳಗಿಟ್ಟೆ. ಕಾಗದವನ್ನೂ ಹಳೇ ಮಡಿಕೆಯಲ್ಲೇ ಮಡಿಚಿ ಇಟ್ಟೆ. ನನ್ನ ವೃತ್ತಿಯಲ್ಲಿ ಇದನ್ನು ಒಪ್ಪದವರಿದ್ದಾರೆ. ಕಾಗದ ಬೇರೆ ಇಟ್ಟರೆ ಜಾಸ್ತಿ ಕಾಲ ಬಾಳುತ್ತದೆ ಅನ್ನುವುದು ಅವರ ವಾದ. ಮ್ಯೂಸಿಯಮ್ಮಿನಲ್ಲಿ ನಂಬರು ಹಾಕಿ ಇಡುವವರಿಗೆ ಅದು ಸರಿ. ಒಂದು ಮನೆಯಲ್ಲಿ ಬೇರೆ ಇಟ್ಟದ್ದು ಮುಂದಿನ ತಲೆಮಾರಿಗೆ ಬೇರೆಯಾಗಿಯೇ ಹೋಗುತ್ತದೆ. ಮುಚ್ಚಳಕ್ಕೆ ಅಂಟು ಹಾಕಲಿಲ್ಲ. ಹತ್ತಿಯ ಪಟ್ಟಿ ಕಟ್ಟಿದ್ದೇನೆ.

ಪೂಜೆ ಮಾಡಬೇಕಾ ಅಂತ ತಾಯಿ ಕೇಳಿದರು. ಬೇಡ ಅಂದೆ. ಆ ತಂದೆಗೆ ನಡೆದುಕೊಳ್ಳುತ್ತೇವೆ ಅಂತ ಮಾತು ಕೊಟ್ಟವರು ಆ ಮನೆಯವರು, ಕಾಗದದಲ್ಲಿ ಹಾಗೇ ಇದೆ. ಬೇರೆಯವರ ಹರಕೆಯನ್ನು ನಾವು ತೆಗೆದುಕೊಳ್ಳುವುದಕ್ಕೆ ಆಗುವುದಿಲ್ಲ. ಇಟ್ಟುಕೊಳ್ಳಲು ಮನಸ್ಸು ಒಪ್ಪದಿದ್ದರೆ ಪುರೋಹಿತರನ್ನು ಕರೆಸಿ ಮೂರ್ತಿಯಿಂದ ಚೈತನ್ಯವನ್ನು ಬೀಳ್ಕೊಡುವ ವಿಧಿ ಚೀನೀ ಜನರಲ್ಲಿದೆ, ತೈವಾನ್‌ನಲ್ಲಿ ಇವತ್ತಿಗೂ ಮಾಡಿಸುತ್ತಾರೆ ಅಂತಲೂ ಹೇಳಿದೆ. ಅದು ಬೇಡ, ಅವರ ಮನೆಯವರು ಬಂದರೆ ಅವರೇ ತೀರ್ಮಾನ ಮಾಡಲಿ ಅಂದರು. ಟಿವಿ ಪಕ್ಕದಿಂದ ಮಾತ್ರ ತಾವೇ ನಿಂತು ತೆಗೆಸಿದರು. ಈಗ ಅದು ಬಿಸಿಲು, ಹೀಟರು ತಾಗದ ಒಂದು ಎತ್ತರದ ಕಪಾಟಿನಲ್ಲಿದೆ.

ಮಗ ಒಂದು ಬರಹ ಮಾಡಿಟ್ಟಿದ್ದಾರೆ. ಮೂರ್ತಿಯನ್ನು ಮಾರುವುದಿಲ್ಲ, ಕಾಗದವನ್ನು ಬೇರೆ ಮಾಡುವುದಿಲ್ಲ, ಆ ಮನೆತನದವರು ಕೇಳಿಕೊಂಡು ಬಂದರೆ ದುಡ್ಡು ತೆಗೆದುಕೊಳ್ಳದೆ ಕೊಡುತ್ತೇವೆ, ತಮ್ಮ ಕಾಲದ ನಂತರವೂ ಇದೇ ಮಾತು ಅಂತ. ಅದರ ಒಂದು ಪ್ರತಿ ಸಂಶೋಧಕರ ಹತ್ತಿರವೂ ಇದೆ.

ಬಾಕಿ ಇರುವುದು ಕೆತ್ತಿದವನ ಹೆಸರಿನ ವಿಚಾರಣೆ. ಅದೇ ಹೆಸರು ಬೇರೆ ಸಂಗ್ರಹಗಳ ಕಾಗದಗಳಲ್ಲಿ ಇದೆಯಾ ಅಂತ ಹುಡುಕಿಸುತ್ತಿದ್ದೇವೆ. ಸಿಕ್ಕರೆ ಅವನು ಕೆಲಸ ಮಾಡಿಕೊಟ್ಟ ಊರುಗಳ ಸುತ್ತಳತೆ ಗೊತ್ತಾಗುತ್ತದೆ. ಆಗ ಹುಳ ತಿಂದ ಆ ಎರಡು ಅಕ್ಷರ ಯಾವುದಿರಬಹುದು ಅಂತ ಊಹಿಸಬಹುದು. ಅವು ಇದ್ದದ್ದು ಹೋಬಳಿಯ ಹೆಸರಿನಲ್ಲಿ.